ಬೀರುವಿನ ಆಚೆಯ ಕೆಮ್ಮು

ಅಂದಿನ ಏಟೇ ಕಾರಣವೇ? ನೋವಾದದ್ದೇನೋ ನಿಜ. ಆದರೆ ನೋವಾದ ಮಾತ್ರಕ್ಕೆ ಅದರಿಂದಲೇ ಈ ರೋಗ ಬಂತೆನ್ನುವುದು ಹೇಗೆ?... ಗಲ್ಫಿನ ಕ್ಲಿನಿಕ್ಕಿನಿಂದ ತಾನಿದ್ದ ಮಂಗಫ್‌ಗೆ ಮರಳುವ ಬಸ್ಸಿನಲ್ಲಿ ಶ್ರವಣ್‌ಗೆ ಇದೊಂದೇ ಯೋಚನೆ.

ಪೆರೋನಿ ಎಂದಿದ್ದರು ಡಾಕ್ಟರ್ ಸ್ಯಾಮುವೆಲ್. ಶಿಶ್ನದೊಳಗೆ ಗಾಯದ ಕಲೆಯಂಥ ಗಟ್ಟಿ ಪದರ ಬೆಳೆದು ಅದು ಬಾಗುತ್ತದೆ, ನೋಯುತ್ತದೆ. ಪೆಟ್ಟಾಗಿತ್ತೇ ಎಂದು ಕೇಳಿದರು. ಹೌದೆಂದ. "ಪೆಟ್ಟಿನಿಂದ ಆಗುವುದುಂಟು. ಆದರೆ ಎಷ್ಟೋ ಜನರಿಗೆ ಪೆಟ್ಟಾದ ನೆನಪೇ ಇರುವುದಿಲ್ಲ. ಪೆಟ್ಟಾದ ಎಲ್ಲರಿಗೂ ಇದು ಬರುವುದೂ ಇಲ್ಲ." ಆಮೇಲೆ ಅವನ ಅಂಗೈ ಒತ್ತಿ ನೋಡಿ, ಮನೆಯಲ್ಲಿ ಯಾರಿಗಾದರೂ ಬೆರಳು ಮಡಚಿ ನೆಟ್ಟಗಾಗದೆ ಉಳಿದದ್ದುಂಟೇ ಎಂದು ವಿಚಾರಿಸಿದರು. ತೀರಿಹೋದ ಅಪ್ಪನ ಉಂಗುರದ ಬೆರಳು ಹಾಗೇ ಇತ್ತು! "ಹಾಗಾದರೆ ವಂಶದಿಂದಲೇ ಬಂದಿರಲೂಬಹುದು; ಆ ಬೆರಳಿನ ತೊಂದರೆಗೂ ಇದಕ್ಕೂ ನಂಟುಂಟು. ಇಂಥದ್ದೇ ಕಾರಣವೆಂದು ನಾನು ಹೇಳಲಾರೆ. ಯಾರ ಮೇಲೂ ಹೊರಿಸಬೇಡಿ."

ಅಮ್ಮ ವಿಸಿಟ್ ವೀಸಾದಲ್ಲಿ ಬಂದ ಮೇಲೆ ಆ ಒಂದೇ ಕೋಣೆಯ ಮನೆಗೆ ಬೀರುವೇ ಗೋಡೆಯಾಗಿತ್ತು. ಗಂಡ ಹೆಂಡತಿ ಉಸಿರನ್ನೂ ಅಳೆದು ಬಿಡುತ್ತಿದ್ದರು. ಅಂದು ರಾತ್ರಿ ಇಬ್ಬರೂ ಕೂಡಿದ್ದ ಹೊತ್ತಿನಲ್ಲಿ ಬೀರುವಿನ ಆಚೆ ಅಮ್ಮ ಕೆಮ್ಮಿದಳು. ಹೆಂಡತಿ ಅಪೇಕ್ಷಾ ಬೆಚ್ಚಿ ತಟ್ಟನೆ ಹೊರಳಿದಳು. ಅವನು ದಿಂಬಿಗೆ ಮುಖ ಒತ್ತಿ ಕೂಗನ್ನು ನುಂಗಿದ್ದ.

ಬಸ್ಸಿಳಿದು ಬಂದು ಮನೆಯ ಬಾಗಿಲು ತೆರೆದರೆ ನೆಲದ ಮೇಲೆ ಸೂಟ್‌ಕೇಸು. ಅಮ್ಮ ರತ್ನಾವತಿ ಸೊಸೆಯ ಬಟ್ಟೆಗಳನ್ನು ತುರುಕುತ್ತಿದ್ದಳು. ಗಂಡ ಆಸ್ಪತ್ರೆಗೆ ಹೊರಟದ್ದೇ, ಅಪೇಕ್ಷಾ ತಡೆಯಲಾರದೆ ಅತ್ತೆಯ ಮುಂದೆ ಎಲ್ಲವನ್ನೂ ಅತ್ತು ಹೇಳಿಬಿಟ್ಟಿದ್ದಳು.

"ನನ್ನ ಟಿಕೆಟಿನ ಜೊತೆ ಇವಳದ್ದೂ ಮಾಡಿಸು ಮಗಾ. ಇನ್ನು ಇವಳು ಇಲ್ಲಿದ್ದು ಎಂತ ಮಾಡ್ಲಿಕ್ಕುಂಟು?"

"ಅತ್ತೇ... ನಾನು ಬೇಕಂತ ಮಾಡಿದ್ದಲ್ಲ..."

"ಬೇಕಂತ ಮಾಡ್ಲಿಕ್ಕೆ ನಿನಗೇನು ಹುಚ್ಚಾ? ಮೈಮೇಲೆ ಪ್ರಜ್ಞೆ ಬೇಡವಾ ಮಾರಾಯ್ತಿ! ನಮ್ಮ ಮನೆಯಲ್ಲಿ ಯಾರಿಗೂ ಇಂಥ ರೋಗ ಇರ್ಲಿಲ್ಲ. ಇವನ ಅಪ್ಪ ಕಡೆಯವರೆಗೂ ಬಂಡೆಕಲ್ಲಿನ ಹಾಗಿದ್ರು!"

ಅಪೇಕ್ಷಾ ಗಂಡನತ್ತ ತಿರುಗಿದಳು. ಕಣ್ಣುಗಳು ಊದಿಕೊಂಡಿದ್ದವು.

"ಡಾಕ್ಟ್ರು ಎಂತ ಹೇಳಿದ್ರು? ನನ್ನಿಂದಲೇ ಆದದ್ದಾ? ಒಂದು ಮಾತು ಹೇಳಿ..."

ಹೇಳಬೇಕಿತ್ತು. ಹೇಳಿದರೆ ಅಪ್ಪನ ಬೆರಳಿನ ಮಾತೂ ಬರಬೇಕು, ಆ ಕೆಮ್ಮಿನ ಮಾತೂ ಬರಬೇಕು. ಅಮ್ಮ ತನ್ನ ಗಂಡನೆಂಬ ಬಂಡೆಕಲ್ಲನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಔಷಧಿ ಕೊಟ್ಟಿದ್ದಾರೆ... ಮತ್ತೆಂತ ಇಲ್ಲ," ಎಂದ.

"ಕಂಡ್ಯಾ? ನಿನ್ನ ಮುಖ ನೋಡಿ ಹೇಳ್ಲಿಕ್ಕೆ ಸಂಕೋಚ ಅವನಿಗೆ!" ಎಂದಳು ರತ್ನಾವತಿ ಸೊಸೆಗೆ.

ಅಪೇಕ್ಷಾ ಸೆರಗಿನಿಂದ ಮುಖ ಒರೆಸಿ, ಅತ್ತೆ ಮುದ್ದೆ ಮಾಡಿ ತುರುಕಿದ್ದ ಬಟ್ಟೆಗಳನ್ನು ಹೊರತೆಗೆದು ಒಂದೊಂದಾಗಿ ತಾನೇ ಮಡಚತೊಡಗಿದಳು.

"ನಾನು ಹೋಗ್ತೇನೆ. ನಿಮಗೆ ಗುಣ ಆದರೆ ಸಾಕು."

ಶುಕ್ರವಾರ ವಿಮಾನ ನಿಲ್ದಾಣದಲ್ಲಿ ಅತ್ತೆ ಮುಂದೆ ಸಾಗಿದಾಗ ಅಪೇಕ್ಷಾ ಒಂದು ಹೆಜ್ಜೆ ಹಿಂದೆ ಬಂದಳು.

"ನನ್ನ ಮೇಲೆ ಸಿಟ್ಟಿಲ್ಲ ಅಲ್ವಾ?"

"ಇಲ್ಲ," ಎಂದ ಶ್ರವಣ್.

ಅದು ತಪ್ಪನ್ನು ಕ್ಷಮಿಸಿದವನ ಮಾತಿನಂತಿತ್ತು. ಅವಳು ಕೃತಜ್ಞತೆಯಿಂದ ತಲೆಯಾಡಿಸಿ ಹೊರಟುಹೋದಳು... ತಪ್ಪು ಅವಳದೆಂದು ಡಾಕ್ಟರ್ ಹೇಳಿರಲಿಲ್ಲ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.