ಜಪ್ತಿ ಎಮ್ಮೆಯ ಪಾಠ

"ಆ ಪುಸ್ತಕ ಬ್ಯಾಡ್ರಿ," ಅಂದವನೇ ಕುಬೇರಪ್ಪ ಅದನ್ನು ಸರೋಜವ್ವನ ಕೈಯಿಂದ ಕಸಿದುಕೊಂಡ.

ಕಸಿಯುವಾಗ ಬೆರಳಿಗೆ ಬೆರಳು ತಾಗಿತು. ಎಂಟು ತಿಂಗಳಲ್ಲಿ ಮೊದಲ ಸಲ. ಅದೂ ಜಗಳದಲ್ಲಿ!

ಹಿರೇಕೆರೂರಲ್ಲಿ ಪುಸ್ತಕ, ಪಾಟಿ ಮಾರುವ ಸಣ್ಣ ಅಂಗಡಿ ಅವನದು. ಗುರುವಾರಕ್ಕೊಮ್ಮೆ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಚಿಕ್ಕೇರೂರಿಗೆ ಬರುತ್ತಿದ್ದ. ಸರೋಜವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ತೀರಿಹೋದ ಅಕ್ಕನ ಮಗಳು ಅಡಿವೆವ್ವನಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಜ್ವರದಲ್ಲಿ ಒಂದು ಕಾಲು ಸೋತ ಆ ಒಂಬತ್ತು ವರ್ಷದ ಹುಡುಗಿಗೆ ಸಾಲಿ ಬಲು ದೂರ. ಆ ವರ್ಷ, ಅಂದರೆ ೧೯೫೮ರಲ್ಲಿ, ಹುಡುಗಿ ಒಂದು ಪ್ರಶ್ನೆ ಹಿಡಿದು ಕುಂತಿದ್ದಳು: "ಚಿಗವ್ವಾ, ಅಜ್ಜ ಹರೇದಾಂವ ಇದ್ದಾಗ ದೇಶದಾಗ ಏನೇನಾತು?" ಅದಕ್ಕೇ ಈ ಪುಸ್ತಕಗಳ ಹುಡುಕಾಟ.

ಮೊದಲನೆಯದನ್ನು ಸರೋಜವ್ವ ಆಗಲೇ ಬದಿಗಿಟ್ಟಿದ್ದಳು. "ಇದರಾಗ ಬರೇ ಸಾಹೇಬರ ಮೀಸಿ."

"ಎರಡನೇದು?"

"ಬರೇ ಇಸವಿ. ಹುಡುಗಿ ನಿದ್ದಿ ಹೋಗ್ತಾಳ."

ಮೂರನೆಯದು, ತೆಳುವಾದದ್ದು, ಚೀಲದಿಂದ ತಾನೇ ಜಾರಿ ಬಿದ್ದಿತ್ತು. ಅವಳು ಎತ್ತಿಕೊಂಡಳು, ಅವನು ಕಸಿದುಕೊಂಡ.

"ಮಾರಾಕ ಬಂದಾವರು ತಮ್ಮ ಮಾಲು ತಾವ ಬ್ಯಾಡ ಅನ್ನೋದು ಎಲ್ಲೀ ರೀತಿರಿ? ಹೆಣ್ಣಮಕ್ಕಳಿಗೆ ತಿಳಿಯೂದಿಲ್ಲಂತೇನು?"

"ಹಂಗಲ್ರಿ ಬಾಯಾರ…"

ಬೇರೆ ಗುರುವಾರಗಳಲ್ಲಾದರೆ ಅವನು ಪುಸ್ತಕದ ಅಂಚಿನ ಮೇಲಿಂದ ಅವಳನ್ನು ಕದ್ದು ನೋಡುತ್ತಿದ್ದ. ಅವಳು ನೋಡಿದರೆ ಥಟ್ಟನೆ ಕಣ್ಣು ಕೆಳಗಿಳಿಸಿ ಇಲ್ಲದ ಅಚ್ಚಿನ ತಪ್ಪು ಹುಡುಕುತ್ತಿದ್ದ. ಇವತ್ತು ಆ ಕಣ್ಣು ಪಡಸಾಲೆಯ ಕಂಬಕ್ಕೆ ಒರಗಿ ಕೂತ ಅವಳ ಅಪ್ಪ ಬಸವಣ್ಣೆಪ್ಪನ ಕಡೆ ಹೋಗಿ ಹೋಗಿ ಬರುತ್ತಿತ್ತು.

ಸರೋಜವ್ವನಿಗೆ ರೇಗಿತು. ಪುಸ್ತಕ ಎಳೆದುಕೊಂಡಳು. "ಯಾವ ಪಾಠ ಹೇಳಬೇಕಂತ ನಾ ಆರಸ್ತೇನಿ."

ಆ ಮನೆಯಲ್ಲಿ ಪಾಠ ಅಂದರೆ ಗಟ್ಟಿಯಾಗಿ ಓದುವುದು. ಬಸವಣ್ಣೆಪ್ಪನಿಗೆ ಓದು ಬರುತ್ತಿರಲಿಲ್ಲ, ಕೇಳುವ ಆಸೆ ಮಾತ್ರ ಬಹಳ. ಎಲೆ ಅಡಿಕೆ ಜಗಿಯುತ್ತ ಮೊಮ್ಮಗಳ ಜೊತೆ ತಾನೂ ಕಲಿಯುತ್ತಿದ್ದ. ಹಠಕ್ಕೆ ಬಿದ್ದ ಸರೋಜವ್ವ ನಡುವಿನ ಹಾಳೆ ತೆರೆದು ಅಲ್ಲೇ ಶುರುಮಾಡಿದಳು.

"ಮೂವತ್ತೆರಡನೆಯ ಇಸವಿಯಲ್ಲಿ ಹಿರೇಕೆರೂರು ತಾಲೂಕಿನ ರೈತರು ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದರು. ಅವರ ಪಾತ್ರೆ, ದನಕರು ಜಪ್ತಿಯಾದವು. ಹರಾಜಿನಲ್ಲಿ ಅವನ್ನು ಕೊಂಡವರ ಮನೆಗೆ ಊರವರು ಒಲೆಯ ಕೆಂಡ ಕೊಡಲಿಲ್ಲ."

"ಕೆಂಡ ಯಾತಕ್ಕ?" ಅಡಿವೆವ್ವ ಕೇಳಿದಳು.

"ಆವಾಗ ಮುಂಜಾನೆದ್ದು ಬಾಜೂ ಮನಿ ಕೆಂಡ ತಂದು ಒಲಿ ಹಚ್ಚತಿದ್ರು. ಕೆಂಡ ಕೊಡಲಿಲ್ಲಂದ್ರ, ನೀ ನಮ್ಮಾವ ಅಲ್ಲ ಅಂದಂಗ," ಅಂದಳು ಸರೋಜವ್ವ.

"ನಮ್ಮೂರಾಗ ಕೊಂಡಾಂವ ಯಾರು?"

"ಪುಸ್ತಕ ಮುಚ್ಚು," ಅಂದ ಬಸವಣ್ಣೆಪ್ಪ.

ಅಪ್ಪನ ಆ ದನಿಯನ್ನು ಸರೋಜವ್ವ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕುಬೇರಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಪುಸ್ತಕ ಯಾಕೆ ಬೇಡ ಅಂದಿದ್ದ ಅನ್ನುವುದು ಆಗ ಹೊಳೆಯಿತು.

"ತಮ್ಮಾ," ಬಸವಣ್ಣೆಪ್ಪ ನಿಧಾನವಾಗಿ ಕೇಳಿದ, "ನಿಂದು ಅಬಲೂರು ಅಂದಿದ್ದಿ. ಅಪ್ಪನ ಹೆಸರ ಹೇಳಲೇ ಇಲ್ಲಲಾ?"

"ಅಬಲೂರು ನಮ್ಮವ್ವನ ತವರ್ರಿ. ಅಪ್ಪ ಇದ ಊರಾಂವ. ಕರಬಸಪ್ಪ. ಹಿಂಡೋ ಎಮ್ಮಿ ಜಪ್ತಿ ಆತಲ್ರಿ, ಆ ಕರಬಸಪ್ಪ."

"ಆ ಮನ್ಯಾಗ ಒಂದು ಕೂಸಿತ್ತು. ತೊಟ್ಟಲದಾಗ."

"ನಾನಾರಿ."

ಸರೋಜವ್ವ ಅವನ ಕಡೆ ತಿರುಗಿದಳು. "ಹಂಗಾರ ಸೇಡು ತೀರಿಸಾಕ ಬರತಿದ್ರೇನು?"

"ಮೊದಲನೇ ಗುರುವಾರ ನಮ್ಮ ಎಮ್ಮಿ ಕೊಂಡಾವರ ಮಾರಿ ನೋಡಾಕ ಬಂದಿದ್ದೆ. ಖರೇನ." ಕುಬೇರಪ್ಪ ತಲೆಯೆತ್ತಿದ. "ಎರಡನೇ ಗುರುವಾರದಿಂದ ಬಂದದ್ದು ಅವರ ಮಾರಿ ನೋಡಾಕಲ್ರಿ."

ಅವಳ ಕಿವಿ ಬಿಸಿಯಾದವು. ಸಿಟ್ಟು ಮಾತ್ರ ಇಳಿಯಲೊಲ್ಲದು. "ಮತ್ತ ಪುಸ್ತಕ ಮುಚ್ಚಿಟ್ಟದ್ದು?"

"ಓದಿದ್ರ ನೀವು ನನ್ನ ಮುಂದ ತಲಿ ತಗ್ಗಸ್ತೀರಿ. ನೀವು ತಲಿ ಎತ್ತಿ ಜಗಳಾ ಮಾಡೋದ ನನಗ ಚಂದ."

ಅಡಿವೆವ್ವ ಕಿಸಕ್ಕನೆ ನಕ್ಕಳು. ಅಜ್ಜ ನಗಲಿಲ್ಲ.

"ಸೋಮವಾರ ಶಿಗ್ಗಾಂವಿಯವರು ನಿನ್ನ ನೋಡಾಕ ಬರ್ತಾರ, ಸರೋಜಾ. ಮರತಿಯೇನು?"

"ಬರಬ್ಯಾಡ್ರಿ ಅಂತ ಹೇಳಿ ಕಳಸಪ್ಪಾ." ಸರೋಜವ್ವ ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಈ ಪುಸ್ತಕನೂ ನಾ ಮುಚ್ಚೂದಿಲ್ಲ. ಬರೇ ಚೊಲೋದಷ್ಟ ಬರಿಯಾಕ ಇದು ಲಗ್ನಪತ್ರಿಕಿ ಏನು? ಪ್ರಶ್ನೆ ಕೇಳಿದ ಹುಡುಗಿಗೆ ಏನಂತ ಹೇಳ್ಲಿ?"

ಬಸವಣ್ಣೆಪ್ಪ ಬಾಯಲ್ಲಿದ್ದ ಎಲೆ ಉಗಿದು ಬಂದು ಕೂತ. ಮೊಮ್ಮಗಳ ಸೋತ ಕಾಲನ್ನು ಸವರಿದ.

"ಎಮ್ಮಿ ಕೊಂಡಾಂವ ನಿಮ್ಮಜ್ಜ, ಅಡಿವೆವ್ವಾ. ಫೌಜದಾರ ಹೆದರಿಸಿದ, ಕೊಂಡೆ." ತಲೆ ಅಲ್ಲಾಡಿಸಿದ. "ಅಲ್ಲ, ಅದು ಸುಳ್ಳು. ಎಮ್ಮಿ ಚೊಲೋ ಹಿಂಡತಿತ್ತು. ಅದಕ್ಕ ಕೊಂಡೆ."

ಕುಬೇರಪ್ಪ ಮುಖ ಆಚೆ ತಿರುಗಿಸಿದ. ಇಪ್ಪತ್ತಾರು ವರ್ಷ ಅವನವ್ವ ಕಾದದ್ದು ಇಷ್ಟೇ ಮಾತಿಗೆ.

"ನಾಳೆ ಅಬಲೂರಿಗೆ ಬರ್ತೇನಿ," ಅಂದ ಮುದುಕ. "ನಿಮ್ಮವ್ವನ ಮುಂದ ನಿಂತು ಇದ ಮಾತು ಹೇಳ್ತೇನಿ. ಬೈದ್ರ ಬೈಸಿಕೊಳ್ತೇನಿ. ಮಗಳ ಲಗ್ನದ ಮಾತು ಆಮ್ಯಾಲ. ಕೇಳಾಕ ಬಾಯಿ ಬಂದ್ರ."

ಸರೋಜವ್ವ ಬಾಗಿಲತನಕ ಬಂದಳು. ಕುಬೇರಪ್ಪ ಚೀಲವನ್ನು ಸೈಕಲ್ಲಿಗೆ ಕಟ್ಟುತ್ತಿದ್ದ. ಕೂಡಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದ.

"ಅಪ್ಪನ ಜೋಡಿ ನಾನೂ ಬರ್ತೇನಿ," ಅಂದಳು ಮೆಲ್ಲಗೆ. "ನಿಮ್ಮವ್ವ ಒಳಗ ಕರೀಲಿಲ್ಲಂದ್ರ?"

"ಹೊರಗ ನಿಲ್ಲಬೇಕಾಕ್ಕೈತಿ."

"ಮತ್ತ ನೀವು?"

"ನಾನೂ ನಿಮ್ಮ ಬಾಜೂ ಹೊರಗ ನಿಲ್ತೇನಿ."

"ಎಷ್ಟೊತ್ತು?"

"ನಮ್ಮವ್ವ ಭಾಳ ಹಟಮಾರಿ." ಈ ಸಲ ಅವನು ಕಣ್ಣು ಕೆಳಗಿಳಿಸಲಿಲ್ಲ. "ಬುತ್ತಿ ಕಟಗೊಂಡ ಬರ್ರಿ, ಸರೋಜವ್ವ. ಇಬ್ಬರಿಗಾಗೂವಷ್ಟು."