ಇಲ್ಲೇ ಇದೀನಿ

"ಮತ್ತೆ ಕಿಟಕಿ ಮುಚ್ಚಿದ್ಯಾ? ಒಲೆ ಮುಂದೆ ಬೆಂದು ಸಾಯ್ಲಾ ನಾನು?" ದೆಸಾಂಕಾ ಸಿಡುಕಿದಳು.

"ಎದುರುಬದುರು ಕಿಟಕಿ ತೆರೆದ್ರೆ ಗಾಳಿ ಹೊಡೆಯುತ್ತೆ. ನಿನಗಂತೂ ಆಗಲ್ಲ," ಎಂದ ಜೊತೆ ಕೆಲಸಗಾರ ವಿದೋಯೆ, ನಾದುತ್ತಿದ್ದ ಹಿಟ್ಟಿನಿಂದ ತಲೆಯೆತ್ತದೆ. ಕಿವಿ ಮಾತ್ರ ಕೆಂಪಗಾಗಿತ್ತು.

ಕಿಕಿಂದಾ ಪೇಟೆಯ ಆ ಬೇಕರಿಯಲ್ಲಿ ತಲೆನೋವಿನಿಂದ ಹಿಡಿದು ಮದುವೆ ಮುರಿಯುವವರೆಗೆ ಎಲ್ಲಕ್ಕೂ ಗಾಳಿಯೇ ಕಾರಣ. ದೆಸಾಂಕಾ ಕೆಲಸದ ನಡುವೆ ಆಗಾಗ ಕಲ್ಲಾಗಿ ನಿಂತುಬಿಡುವುದಕ್ಕೂ ಅದೇ ಎಂದು ಎಲ್ಲರೂ ನಂಬಿದ್ದರು. ಅವಳೂ ತಿದ್ದಿರಲಿಲ್ಲ. ಅದು ಮೂರ್ಛೆರೋಗ. ರಾತ್ರಿ ಪಾಳಿ ಬಿಡು, ಹೊತ್ತಿಗೆ ಸರಿಯಾಗಿ ಮಲಗು, ಇಲ್ಲದಿದ್ದರೆ ಒಂದು ದಿನ ಒಲೆಗೇ ಬೀಳುತ್ತೀಯ ಎಂದು ಡಾಕ್ಟರ್ ಗದರಿದ್ದರು. ಮಾತ್ರೆ ತಪ್ಪಿಸದವಳು ನಿದ್ದೆಯನ್ನು ಮಾತ್ರ ಬೇಕೆಂದೇ ಕೆಡಿಸಿಕೊಳ್ಳುತ್ತಿದ್ದಳು.

ಏಕೆಂದರೆ ಹಾಗೆ ಕಲ್ಲಾಗಿ ನಿಲ್ಲುವ ಎರಡು ನಿಮಿಷಗಳ ಕೊನೆಯಲ್ಲಿ ಒಂದು ದನಿ ಕೇಳುತ್ತಿತ್ತು. "ಇಲ್ಲೇ ಇದೀನಿ ಕಣೇ." ಮೂರು ವರ್ಷದ ಹಿಂದೆ ತೀರಿಹೋದ ಗಂಡ ರಾಶ್ಕೊ! ಎಚ್ಚರವಾದಾಗ ಕೈಯಲ್ಲಿದ್ದ ಚಾಕು ಮೇಜಿನ ಆಚೆ ತುದಿಯಲ್ಲಿರುತ್ತಿತ್ತು. ಅವನೇ ಎತ್ತಿಟ್ಟ ಎಂದುಕೊಳ್ಳುತ್ತಿದ್ದಳು. ಹಗಲಲ್ಲಿ ಅವನು ಒಮ್ಮೆಯೂ ಬಂದಿರಲಿಲ್ಲ. ರಾತ್ರಿ ಪಾಳಿ ಬಿಟ್ಟರೆ ಅವನನ್ನೂ ಬಿಟ್ಟಂತೆ.

ಆ ರಾತ್ರಿ ಬುರೆಕ್ ಎಂಬ ಪದರು ತಿಂಡಿಗೆ ಹಿಟ್ಟಿನ ಹಾಳೆ ಎಳೆಯುತ್ತಿದ್ದಾಗ, ಪ್ರತಿ ಸಲದಂತೆ, ಬಾಯಿಗೆ ಸುಟ್ಟ ಸಕ್ಕರೆಯ ರುಚಿ ಬಂತು. ಆಮೇಲೆ ಏನೂ ಇಲ್ಲ. ಆಮೇಲೆ ಆ ದನಿ.

ಈ ಸಲ ಕಣ್ಣು ಬೇಗ ತಿಳಿಯಾಯಿತು. ಅಲುಗುತ್ತಿದ್ದದ್ದು ವಿದೋಯೆಯ ತುಟಿ. ಅವನ ತೋಳು ಅವಳಿಗೂ ಒಲೆಗೂ ನಡುವೆ ಅಡ್ಡವಿತ್ತು. ಅದರ ತುಂಬ ಹಳೆಯ ಸುಟ್ಟ ಕಲೆಗಳು.

"ನೀನಾ?"

"ರಾಶ್ಕೊ, ರಾಶ್ಕೊ ಅಂತ ಕರೀತೀಯ. ಯಾರೂ ಓ ಅನ್ನದಿದ್ರೆ ಅಳ್ತೀಯ. ಏನ್ ಮಾಡ್ಲಿ?"

"ಯಾವಾಗಿಂದ?"

"ಹೋದ ಚಳಿಗಾಲದಿಂದ."

ರಾಶ್ಕೊ ಆ ಗಳಿಗೆಯಲ್ಲಿ ಇನ್ನೊಮ್ಮೆ ಸತ್ತ. ಹಿಟ್ಟಿನ ಕೈಯಿಂದಲೇ ಅವಳು ವಿದೋಯೆಯ ಎದೆಗೆ ಗುದ್ದಿದಳು, ಬಿಕ್ಕಿ ಬಿಕ್ಕಿ ಅತ್ತಳು. ಅವನು ಸುಮ್ಮನೆ ಗುದ್ದು ತಿಂದ.

"ಅವನ ಹೆಸರಿಗೆ ನೀನ್ಯಾಕೆ ಓಗೊಟ್ಟೆ?"

"ನನ್ನ ಹೆಸರು ನೀನು ಕರೀಲೇ ಇಲ್ವಲ್ಲ."

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

"ಇದು ಗಾಳಿ ಅಲ್ಲ ಕಣೋ. ಮೂರ್ಛೆರೋಗ."

"ಗಾಳಿ ಅಲ್ವಾ?" ಅವನ ಮುಖ ನೋಡಬೇಕಿತ್ತು. "ಹಾಗಾದ್ರೆ ಕಿಟಕಿ ತೆಗೀಲಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ತೆಗಿ. ಬೇಕರಿ ಯಜಮಾನರಿಗೆ ಎಲ್ಲಾ ಹೇಳಿ ಹಗಲು ಪಾಳಿ ಕೇಳ್ತೀನಿ. ನಾನು ನಿದ್ದೆ ಮಾಡ್ಬೇಕು. ಆದ್ರೆ ಆ ಮನೇಲಿ ಒಬ್ಬಳೇ ಮಲಗೋಕೆ ಭಯ. ಇವತ್ತು ಪಾಳಿ ಮುಗಿದ ಮೇಲೆ ಬಂದು ಅಡುಗೆಮನೇಲಿ ಕೂತಿರ್ತೀಯಾ?"

"ಕೂತಿರ್ತೀನಿ."

ಬೆಳಿಗ್ಗೆ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ. ನಿದ್ದೆಯಲ್ಲಿ ಯಾರನ್ನೂ ಕರೆಯಲಿಲ್ಲ. ಎದ್ದ ಮೇಲೆ ಕರೆದಳು.

"ವಿದೋಯೆ, ಕಾಫಿಗೆ ನೀರಿಡ್ತೀಯಾ?"