ಬೂತಿನೊಳಗಿನ ಮೌನ

ಮಯೂರ್ ಎರಡು ಗುಟುಕು ಕುಡಿದ. ಮೂರನೆಯದು ಇಳಿಯಲಿಲ್ಲ.

ಸ್ಟೀಲ್ ಲೋಟ ಕೈಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು. ಸದ್ದಾಗಲಿಲ್ಲ. ಸದ್ದಾಗಬಾರದೆಂದೇ ಕಟ್ಟಿದ ರೆಕಾರ್ಡಿಂಗ್ ಬೂತು ಅದು. ಹುಡುಗ ಎರಡು ಕೈಯಲ್ಲೂ ಕುತ್ತಿಗೆ ಹಿಡಿದುಕೊಂಡ. ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ನೋಡನೋಡುತ್ತಿದ್ದಂತೆ ತುಟಿ ಊದಿಕೊಂಡಿತು.

"ಏನಾಯ್ತು ಕಂದಾ? ಮಯೂರ್! ಏನಾಯ್ತೋ?"

ವಾರಿಜಾ ಅವನನ್ನು ಹಿಡಿದುಕೊಂಡಳು. ಹದಿನೆಂಟರ ಹುಡುಗನ ಭಾರಕ್ಕೆ ಅವಳೂ ಕುಸಿದಳು. ಕ್ಷಣದ ಹಿಂದಷ್ಟೇ ಲೋಟ ಅವನ ತುಟಿಗೆ ತಾಕುವಾಗ, ಗಾಜಿನಾಚೆ ಕೂತಿದ್ದ ಸೌಂಡ್ ಎಂಜಿನಿಯರ್ ಮಹೇಶ್ ಸ್ಪೀಕರಿನಲ್ಲಿ ಕೂಗಿದ್ದ: "ಏಯ್, ಬೇಡ... ಟೈಮ್ ಆಯ್ತು, ಶುರು ಮಾಡೋಣ." ಮಯೂರ್ ನಕ್ಕು ಕುಡಿದಿದ್ದ.

ಫ್ಲಾಸ್ಕ್ ತನ್ನದು. ಗಂಟಲಿಗೆಂದು ದಿನಾ ತರುವ ಕಷಾಯ ತಾನು ಕುದಿಸಿದ್ದು. ಬಗ್ಗಿಸಿ ಕೊಟ್ಟದ್ದೂ ತಾನೇ. ಸಹಾಯಕ್ಕೆ ಕೂಗುವ ಮೊದಲೇ ವಾರಿಜಾಳ ತಲೆಯಲ್ಲಿ ಇಷ್ಟೂ ಓಡಿತು. ಅದಕ್ಕಾಗಿ ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

* * *

ಜರಗನಹಳ್ಳಿಯ ಆ ಮಹಡಿ ಮನೆಯ ಸ್ಟುಡಿಯೋದಲ್ಲಿ ಒಂಬತ್ತು ವರ್ಷದಿಂದ ಒಂದೇ ಕಥೆಯ ರೆಕಾರ್ಡಿಂಗ್. 'ಶನಿಯ ಬಳೆಯಾಚೆ'. ಫೋನಿನಲ್ಲಿ ಕೇಳುವ ಧಾರಾವಾಹಿ. ಏಳು ವರ್ಷದ ನಚಿ, ಕಳೆದುಹೋದ ಅಪ್ಪನನ್ನು ಹುಡುಕಿಕೊಂಡು ಆಕಾಶನೌಕೆಯೊಂದರ ಅಕ್ಕಿಮೂಟೆಗಳ ನಡುವೆ ಅಡಗಿ ಹೊರಡುತ್ತಾನೆ. ಗ್ರಹದಿಂದ ಗ್ರಹಕ್ಕೆ ಅಲೆಯುತ್ತಾನೆ. ಕೇಳುವ ಮಕ್ಕಳ ಜೊತೆಗೇ ಅವನೂ ವರ್ಷಕ್ಕೊಂದು ವರ್ಷ ಬೆಳೆದಿದ್ದ.

ನಚಿಯ ದನಿ ವಾರಿಜಾಳದು. ಈ ಕಸುಬಿನಲ್ಲಿ ಹುಡುಗರಿಗೆ ದನಿ ಕೊಡುವವರು ಹೆಚ್ಚಾಗಿ ಹೆಂಗಸರೇ. ಹುಡುಗರ ಗಂಟಲು ಒಂದು ದಿನ ಒಡೆಯುತ್ತದೆ. ಹೆಂಗಸರದು ಹಾಗೇ ಉಳಿಯುತ್ತದೆ.

ಇವತ್ತು ನಚಿಗೆ ಹದಿನಾರು. ನೌಕೆ ಶನಿಯ ಬಳೆಯೊಳಗೆ ನುಗ್ಗುವಾಗ ಹುಡುಗನ ದನಿ. ಆಚೆ ಬಂದಾಗ ಗಂಡಸಿನ ದನಿ. ಒಂದೇ ಮೈಕಿನ ಮುಂದೆ ನಿಂತು ಮೊದಲ ಮಾತು ವಾರಿಜಾ ಹೇಳಬೇಕು, ಮುಂದಿನದು ಮಯೂರ್. ನಲವತ್ತೊಂಬತ್ತರ ವಾರಿಜಾಳ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ವಿಚಾರಣೆಗೆ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ನರೇಂದ್ರನಿಗೆ ಇಷ್ಟು ಸಾಕಾಯಿತು.

"ಅಂದ್ರೆ ಆ ಹುಡುಗ ನಿಮ್ ಜಾಗಕ್ಕೆ ಬಂದೋನು."

"ಅವ್ನನ್ನ ಆರಿಸಿದ್ದೇ ನಾನು ಸಾರ್."

"ಬೇಜಾರಿರ್ಲಿಲ್ವಾ ಮೇಡಂ?"

ಪದ ತೂಗಿ ಆಡುವುದು ವಾರಿಜಾಳ ಅಭ್ಯಾಸ. "ಬೇಜಾರಿತ್ತು," ಎಂದಳು. "ಕೋಪ ಇರ್ಲಿಲ್ಲ."

ನರೇಂದ್ರ ಮೊದಲನೆಯದನ್ನಷ್ಟೇ ಬರೆದುಕೊಂಡ.

ಆಸ್ಪತ್ರೆಯಿಂದ ಫೋನ್ ಬಂದಿತ್ತು. ಹುಡುಗನ ಉಸಿರಿಗೆ ಕೊಳವೆ ಹಾಕಿದ್ದರು. ಹಸಿ ಸುವರ್ಣಗಡ್ಡೆಯಂಥದ್ದರ ರಸ ಇರಬಹುದು ಎಂದಿದ್ದರು ಡಾಕ್ಟರು. ಜೀವಕ್ಕೆ ಭಯವಿಲ್ಲ ಎಂದು ಸಂಜೆ ಹೇಳಬಹುದು. ದನಿಯ ಬಗ್ಗೆ ಏನೂ ಹೇಳಲಾಗದು.

ಅದನ್ನು ಕೇಳಿ ಕಥೆ ಬರೆಯುವ ತಿರುಮಲೇಶ ಬಿಳಿಚಿಕೊಂಡ. ಬನಶಂಕರಿ ಮಾರ್ಕೆಟ್ಟಿನಿಂದ ಬೆಳಿಗ್ಗೆ ಅವನು ತಂದಿದ್ದ ತರಕಾರಿ ಚೀಲ ಲಾಬಿಯಲ್ಲೇ ಇತ್ತು. ಮೇಲುಗಡೆ ದಪ್ಪ ಸುವರ್ಣಗಡ್ಡೆಯ ಹೋಳು. ಅದರ ಒಂದು ಮೂಲೆ ಈಗಷ್ಟೇ ಕೊಯ್ದಂತೆ ಹಸಿಯಾಗಿತ್ತು.

"ನಾನಲ್ಲ ಸಾರ್! ಹುಳಿಗೆ ಅಂತ ತಗೊಂಡಿದ್ದು. ಒಂಬತ್ತಕ್ಕೆ ಮೊದ್ಲೇ ಚೀಲ ಇಟ್ಟು ಕಾಫಿಗೆ ಹೋಗಿದ್ದೆ. ಕಾಫಿ ಅಂಗಡಿಯೋನ್ನ ಕೇಳಿ."

"ಮೊನ್ನೆ ಆ ಹುಡುಗಂಗೆ 'ನಿಂದು ನಚಿ ದನಿ ಅಲ್ಲ, ಹಾಲು ಮಾರೋನ ದನಿ' ಅಂದ್ರಂತೆ?"

"ಬರಹಗಾರ ಸಾರ್ ನಾನು. ಎಲ್ರಿಗೂ ಹಂಗೇ ಅಂತೀನಿ."

ನರೇಂದ್ರ ಎಲ್ಲರ ಕೈ ನೋಡಿದ. ಹಸಿ ಗಡ್ಡೆ ಮುಟ್ಟಿದ ಕೈ ಕೆಂಪಾಗಿ ತುರಿಸಬೇಕು. ತಿರುಮಲೇಶ, ಸ್ಟುಡಿಯೋ ಯಜಮಾನಿ ಸಮನ್ವಿತಾ, ಮಹೇಶ್, ವಾರಿಜಾ. ಯಾರ ಕೈಯೂ ಕೆಂಪಾಗಿರಲಿಲ್ಲ.

"ಹಂಗಾದ್ರೆ ಕೈಗೆ ಎಣ್ಣೆ ಹಚ್ಕೊಂಡು ಕೊಯ್ದಿದಾರೆ," ಎಂದ ಅವನು. "ಅಡುಗೆ ಗೊತ್ತಿರೋರ ಕೆಲಸ."

ಹೇಳುತ್ತ ವಾರಿಜಾಳನ್ನೇ ನೋಡಿದ.

ಆಗ ಮಹೇಶ್ ಹಿಂಜರಿಯುತ್ತ ಮುಂದೆ ಬಂದ. "ಸಾರ್, ಒಂದ್ ವಿಷ್ಯ. ಹೇಳೋಕೆ ನಂಗೆ ಮನಸ್ಸಿಲ್ಲ. ವಾರಿಜಕ್ಕ ಒಂಬತ್ತಕ್ಕೆ ಬಂದು ಫ್ಲಾಸ್ಕ್ ಬೂತಲ್ಲಿಟ್ರು. ಮಯೂರ್‌ನ ಕರ್ಕೊಂಡ್ ಬರೋಕೆ ಗೇಟಿಗೆ ಹೋದ್ರು. ಆ ಹತ್ತು ನಿಮಿಷ ನಾನು ಮೌನ ರೆಕಾರ್ಡ್ ಮಾಡ್ತಿದ್ದೆ."

"ಮೌನನಾ?"

"ದಿನಾ ಮಾಡ್ತೀವಿ ಸಾರ್. ಖಾಲಿ ಬೂತಿನ ಸದ್ದು. ಮಾತು ಮಾತಿನ ಮಧ್ಯೆ ಅಂಟಿಸೋಕೆ ಬೇಕು. ಬಾಗಿಲು ತೆಗೆದ್ರೂ, ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ರೂ ಮೈಕ್ ಹಿಡಿಯುತ್ತೆ. ಕೇಳಿ ಬೇಕಾದ್ರೆ. ಒಳಗೆ ಯಾರೂ ಹೋಗಿಲ್ಲ."

ಅಂದರೆ ಬೂತಿಗೆ ಬರುವ ಮೊದಲೇ ಫ್ಲಾಸ್ಕಿನಲ್ಲಿ ವಿಷವಿತ್ತು. ಫ್ಲಾಸ್ಕ್ ತಂದವಳು ಒಬ್ಬಳೇ.

ಮಹೇಶನ ಕಣ್ಣಲ್ಲಿ ನೀರಿತ್ತು. "ಸಾರಿ ಅಕ್ಕಾ," ಎಂದ.

* * *

ಫೋನ್ ನಡುಗಿತು. ಮಯೂರನ ತಾಯಿ ವನಿತಾ.

"ನಿಮ್ ಕೈಯಾರೆ ಕುಡಿಸಿದ್ರಂತಲ್ಲ ವಾರಿಜಾ ಅವ್ರೇ? ನಿಮ್ಮನ್ನ ಗುರು ಅಂತಿದ್ನಲ್ರೀ ನನ್ ಮಗ!"

ವನಿತಾ ಅಳುತ್ತಲೇ ಫೋನ್ ಇಟ್ಟರು.

ವಾರಿಜಾ ಲಾಬಿಯ ಬೆಂಚಿನ ಮೇಲೆ ಕೂತಳು. ಠಾಣೆಗೆ ಹೋಗಬೇಕಾಗಬಹುದು. ಕುಮಾರಸ್ವಾಮಿ ಲೇಔಟಿನ ತನ್ನ ರಸ್ತೆಯ ಮಕ್ಕಳು, ದಿನಾ ಸಂಜೆ 'ನಚಿ ಆಂಟಿ' ಎಂದು ಕೂಗುವ ಮಕ್ಕಳು, ಇನ್ನು ಏನೆಂದು ಕೂಗುತ್ತಾರೆ? ಹೆದರಿಕೆಯಾದಾಗೆಲ್ಲ ಅವಳು ಮಾಡುವುದು ಒಂದೇ ಕೆಲಸ. ಆದದ್ದನ್ನು ಮೊದಲಿಂದ ಒಂದೊಂದಾಗಿ ನೆನೆಯುವುದು. ಬೀಗ ಹಾಕಿದೆನೇ, ಗ್ಯಾಸ್ ಆರಿಸಿದೆನೇ ಎಂದು ನೆನೆದಂತೆ.

ಕಷಾಯ ಕುದಿಸಿದೆ. ಬಸ್ ಹತ್ತಿದೆ. ಬೂತಿನಲ್ಲಿ ಫ್ಲಾಸ್ಕ್ ಇಟ್ಟೆ. ಗೇಟಿಗೆ ಹೋದೆ. ಮಯೂರ್ ಬಂದ. ಅವನ ಮುಖ ನೋಡಿ, ಮೊದಲ ಲೋಟ ಅವನಿಗೇ ಇರಲಿ ಎನಿಸಿತು.

ಅವಳ ನೆನಪು ಅಲ್ಲಿ ನಿಂತಿತು.

ಎನಿಸಿದ್ದು ಬೂತಿಗೆ ಬಂದ ಮೇಲೆ. ಅದಕ್ಕೂ ಮೊದಲು ಯಾರಿಗೂ ಗೊತ್ತಿರಲಿಲ್ಲ, ತನಗೂ. ಒಂಬತ್ತು ವರ್ಷದಿಂದ ಆ ಫ್ಲಾಸ್ಕಿನಲ್ಲಿ ಕುಡಿದವಳು ತಾನೊಬ್ಬಳೇ.

ವಿಷ ಮಯೂರನಿಗಲ್ಲ. ತನಗೆ.

ತನ್ನ ಗಂಟಲು ಯಾರಿಗೆ ಬೇಡವಾಗಿತ್ತು? ಸಮನ್ವಿತಾಳ ನೆನಪಾಯಿತು. ಎರಡು ಸಲ ಕಾಗದ ತಂದಿದ್ದಳು. ನಚಿಯ ಹುಡುಗ ದನಿಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ, ಅವನ ಹಳೆಯ ಸಾಹಸಗಳನ್ನು ಹೊಸದಾಗಿ ಹೇಳಿಸುವ ಯೋಜನೆ. ವಾರಿಜಾ ಎರಡು ಸಲವೂ ಸಹಿ ಹಾಕಿರಲಿಲ್ಲ.

ಎದ್ದು ಅವಳ ಕೋಣೆಗೆ ಹೋದಳು. "ಸಮನ್ವಿತಾ, ಒಂಬತ್ತರಿಂದ ಒಂಬತ್ತೂವರೆವರೆಗೆ ಎಲ್ಲಿದ್ದೆ?"

"ವೀಡಿಯೋ ಕಾಲ್‌ನಲ್ಲಿ. ಆರು ಜನ ನನ್ ಮುಖ ನೋಡ್ತಾ ಕೂತಿದ್ರು. ಯಾಕೆ ಆಂಟಿ?"

"ಆ ನಕಲು ದನಿ. ಅದು ನಿನ್ ಯೋಜನೆ ತಾನೇ?"

ಸಮನ್ವಿತಾ ಅಲ್ಲವೆಂದು ತಲೆಯಾಡಿಸಿದಳು. "ನಂಗೆ ಅದೆಲ್ಲ ಎಲ್ಲಿ ತಿಳಿಯುತ್ತೆ? ಮಹೇಶ್ ಬಲವಂತ ಮಾಡ್ದ. ನೀವು ಬೇಡ ಅಂದ್ಮೇಲೆ ನಾನು ಬಿಟ್ಟೆ."

* * *

"ಸಾರ್, ಆ ಮೌನ ನಾನೂ ಕೇಳ್ಬೇಕು," ಎಂದಳು ವಾರಿಜಾ.

ನರೇಂದ್ರ ಹುಬ್ಬೇರಿಸಿದ. "ಕೇಳಿದೆ ಮೇಡಂ. ಏನೂ ಇಲ್ಲ."

"ಏನೂ ಇಲ್ಲದ್ದನ್ನ ಕೇಳೋದೇ ನಮ್ ಕೆಲಸ ಸಾರ್."

ಮಹೇಶ್ ತನ್ನ ಹೆಡ್‌ಫೋನ್ ಕೊಟ್ಟ. ಹಾಕಿಕೊಳ್ಳುವಾಗ ಅವಳ ಬೆರಳು ಅದರ ಪಟ್ಟಿಯ ಮೇಲೆ ಜಾರಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಎಳ್ಳೆಣ್ಣೆ. ಲಾಬಿಯಲ್ಲಿ ದೇವರ ಪಟದ ಮುಂದಿನ ದೀಪಕ್ಕೆ ಹಾಕುವ ಎಣ್ಣೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮಹೇಶ್ ಎಣ್ಣೆಗೈಯಲ್ಲಿ ಯಂತ್ರ ಮುಟ್ಟಿದವನಲ್ಲ. ಅವಳ ಊಟದ ಡಬ್ಬಿಯಿಂದ ಚಪಾತಿ ತಿಂದರೂ ಎರಡು ಸಲ ಸೋಪು ಹಾಕಿ ಕೈ ತೊಳೆಯುವವನು.

ಅವಳು ಕಣ್ಣು ಮುಚ್ಚಿದಳು.

ಹತ್ತು ನಿಮಿಷ. ಬೂತಿನ ಗವ್ವೆನ್ನುವ ಮೌನ. ನಾಲ್ಕನೇ ನಿಮಿಷದಲ್ಲಿ ಕೆಳಗೆಲ್ಲೋ ಗೇಟು ಬಡಿದ ಮಂಕು ಸದ್ದು. ಮತ್ತೆ ಮೌನ. ಇರಬೇಕಾದ ಒಂದು ಸದ್ದಿಗಾಗಿ ಅವಳು ಕಾದಳು. ಅದು ಬರಲೇ ಇಲ್ಲ.

ಹೆಡ್‌ಫೋನ್ ತೆಗೆದಳು.

"ನರೇಂದ್ರ ಅವ್ರೇ, ಬೂತಿಗೆ ಹೋಗಿ. ಸ್ಕ್ರಿಪ್ಟ್ ಇಡೋ ಸ್ಟ್ಯಾಂಡಿನ ಮೇಲೆ ಬಟ್ಟೆ ಹಾಸಿದೆ. ಅದನ್ನ ಎತ್ತಿ. ಮಹೇಶಾ, ಮೈಕ್ ಆನ್ ಮಾಡು."

"ಯಾಕಕ್ಕಾ?"

"ಮಾಡು."

ಗಾಜಿನಾಚೆ ನರೇಂದ್ರ ಬಟ್ಟೆ ಎತ್ತಿದ. ಕರವಸ್ತ್ರದಲ್ಲಿ ಸುತ್ತಿದ್ದ ಸಣ್ಣ ವಸ್ತು. ಬಿಚ್ಚುವ ಮೊದಲೇ ಈಚೆಯ ಸ್ಪೀಕರುಗಳಲ್ಲಿ ಅದು ಮಾತಾಡುತ್ತಿತ್ತು.

ಟಿಕ್. ಟಿಕ್. ಟಿಕ್. ಟಿಕ್.

ಕೋಣೆ ತುಂಬ ಅದೇ ಸದ್ದು.

"ನನ್ ವಾಚು," ಎಂದಳು ವಾರಿಜಾ. "ಕೀ ಕೊಡೋ ವಾಚು. ಒಂಬತ್ತು ವರ್ಷ ಇದನ್ನ ಬಾಗಿಲಾಚೆ ಮೊಳೆಗೆ ನೇತುಹಾಕಿ ಒಳಗೆ ಹೋಗಿದೀನಿ. ಇವತ್ತು ಮಾತ್ರ ಒಳಗೆ ತಂದೆ. ನಚಿಯನ್ನ ಮಯೂರ್ ಕೈಗೆ ಕೊಡೋವಾಗ ಇದನ್ನೂ ಕೊಡೋಣ ಅಂತ. ಒಂಬತ್ತು ಗಂಟೆಗೆ ಮೈಕಿನ ಪಕ್ಕದಲ್ಲೇ ಇಟ್ಟೆ. ಆಮೇಲೆ ರೆಕಾರ್ಡ್ ಆದ ಮೌನದಲ್ಲಿ ಇದಿರ್ಬೇಕಿತ್ತು."

"ಅಕ್ಕಾ, ಮೈಕು ಆ ಕಡೆ ತಿರುಗಿತ್ತೇನೋ..."

"ನಿನ್ನೆಯ ಮೌನ ಹಾಕು ಮಹೇಶಾ. ನಾಲ್ಕನೇ ನಿಮಿಷ."

ಮಹೇಶ್ ಕೈ ಎತ್ತಲಿಲ್ಲ. ಸಮನ್ವಿತಾಳೇ ಕೀಬೋರ್ಡಿಗೆ ಬಂದಳು. ಗವ್ವೆನ್ನುವ ಮೌನ. ಆಮೇಲೆ ಕೆಳಗೆಲ್ಲೋ ಗೇಟು ಬಡಿದ ಮಂಕು ಸದ್ದು. ಅದೇ ಕ್ಷಣ. ಅದೇ ಸದ್ದು.

"ಇವತ್ತು ಇವನು ಮೌನ ರೆಕಾರ್ಡ್ ಮಾಡ್ಲೇ ಇಲ್ಲ ಸಾರ್," ಎಂದಳು ವಾರಿಜಾ. "ಆ ಹತ್ತು ನಿಮಿಷ ಬೇರೆ ಕೆಲಸ ಇತ್ತು. ದೀಪದ ಎಣ್ಣೆ ಕೈಗೆ ಹಚ್ಕೊಂಡು ಗಡ್ಡೆ ಕೊಯ್ದ. ಬೂತಿಗೆ ಹೋಗಿ ರಸ ಫ್ಲಾಸ್ಕಿಗೆ ಹಿಂಡ್ದ. ಅವಸರದಲ್ಲಿ ಕೈ ಸರಿಯಾಗಿ ತೊಳೀಲಿಲ್ಲ. ಹೆಡ್‌ಫೋನ್ ಪಟ್ಟಿ ಮೂಸಿ ನೋಡಿ. ನಾವು ಆ ಹುಡುಗನ್ನ ಎತ್ಕೊಂಡು ಓಡಿದಾಗ ಇಲ್ಲೇ ಉಳಿದೋನು ಇವನೊಬ್ಬ. ಆಗ ನಿನ್ನೆಯ ಮೌನವನ್ನೇ ನಕಲು ಮಾಡಿ ಇವತ್ತಿನ ಹೆಸರಿಟ್ಟ."

"ಆದ್ರೆ ಆ ಹುಡುಗಂಗೆ ಯಾಕೆ?"

"ಅವನಿಗಲ್ಲ ಸಾರ್. ನನಗೆ. ಮಯೂರ್ ಲೋಟ ಎತ್ತಿದಾಗ, ಇನ್ನೂ ಗುಟುಕು ಕುಡಿಯೋ ಮೊದಲೇ, 'ಬೇಡ' ಅಂತ ಕೂಗಿದ್ದು ಯಾರು?"

ಮಹೇಶ್ ಕುರ್ಚಿಯಲ್ಲಿ ಕುಸಿದ. ಹದಿನೇಳು ವರ್ಷದವನಿದ್ದಾಗ ವೈರು ಸುತ್ತಲು ಬಂದಿದ್ದ ಹುಡುಗ. ನಚಿಯ ಪ್ರತಿ ಮಾತನ್ನೂ ಸಾವಿರ ಸಲ ಕೇಳಿ ಕತ್ತರಿಸಿ ಅಂಟಿಸಿದವನು.

"ಒಂದ್ ವಾರ ಗಂಟ್ಲು ಕಟ್ಟುತ್ತೆ ಅನ್ಕೊಂಡೆ ಅಕ್ಕಾ. ಅಷ್ಟೇ. ಎಪಿಸೋಡ್ ನಾಳೆ ಬರ್ಬೇಕು. ನಿಮ್ಗೆ ದನಿ ಇಲ್ಲ ಅಂದ್ರೆ ನಾನು ಮಾಡಿರೋ ದನಿ ಹಾಕ್ಲೇಬೇಕಾಗಿತ್ತು. ಕೇಳಿದ್ರೆ ನೀವೇ ಒಪ್ತಿದ್ರಿ."

"ಏನನ್ನ?"

"ನಚಿ ದೊಡ್ಡೋನಾಗೋದು ಬೇಕಿಲ್ಲ ಅನ್ನೋದನ್ನ."

ಅವನು ಒಂದು ಗುಂಡಿ ಒತ್ತಿದ. ನರೇಂದ್ರ ತಡೆಯುವಷ್ಟರಲ್ಲಿ ಸ್ಪೀಕರಿನಲ್ಲಿ ನಚಿ ಮಾತಾಡಿದ.

"ಹಿಂದೆ ನೋಡಬೇಡ ಅಂದಿದ್ದರು ಅಪ್ಪ. ನಾನು ನೋಡ್ತೀನಿ."

ವಾರಿಜಾಳ ಕೈ ತಾನಾಗಿ ಗಂಟಲಿಗೆ ಹೋಯಿತು. ಅದು ಅವಳ ದನಿ. ಅವಳೇ ಇವತ್ತು ಹೇಳಬೇಕಿದ್ದ ಮಾತು. ಅವಳು ಇನ್ನೂ ಹೇಳಿರದ ಮಾತು.

"ಇದು ನಿಮ್ ದನಿನಾ ಮೇಡಂ?" ಎಂದು ಕೇಳಿದ ನರೇಂದ್ರ. ಹೇಳಿಕೆಗೆ ಬೇಕಿತ್ತು.

ಅವಳು ಸ್ಪೀಕರಿನ ಕಡೆ ನೋಡಿದಳು.

"ಅಲ್ಲ," ಎಂದಳು. "ಎರಡು ಮಾತಿನ ನಡುವೆ ನಾನು ಉಸಿರು ತಗೋತೀನಿ."

* * *

ಐದು ವಾರದ ನಂತರ ಮಯೂರ್ ಸ್ಟುಡಿಯೋಗೆ ಬಂದ. ಜೊತೆಗೆ ವನಿತಾ. ಗೇಟಿನಲ್ಲಿ ಅವರು ವಾರಿಜಾಳ ಕೈ ಹಿಡಿದುಕೊಂಡರು. ವಾರಿಜಾ "ಬನ್ನಿ, ಒಳಗೆ ಬನ್ನಿ" ಎಂದಳು.

ಬೂತಿನ ಬಾಗಿಲಲ್ಲಿ ಮಯೂರ್ ವಾಚು ಬಿಚ್ಚಿದ. ಆಸ್ಪತ್ರೆಯಲ್ಲೇ ಅವಳು ಅವನ ಕೈಗೆ ಕಟ್ಟಿದ್ದು. ಮೊಳೆಗೆ ನೇತುಹಾಕಿದ. ತನ್ನದೇ ನೀರಿನ ಬಾಟಲಿ ತಂದಿದ್ದ. ವಾರಿಜಾಳ ಕೈಯಲ್ಲೂ ಫ್ಲಾಸ್ಕ್ ಇರಲಿಲ್ಲ.

ಗಾಜಿನಾಚೆ ಹೊಸ ಎಂಜಿನಿಯರ್ ಕೈ ಎತ್ತಿ ತೋರಿಸಿದಳು. ಬಾಗಿಲು ಮುಚ್ಚಿತು.

"ಹಿಂದೆ ನೋಡಬೇಡ ಅಂದಿದ್ದರು ಅಪ್ಪ," ಎಂದಳು ವಾರಿಜಾ, ಹುಡುಗನಾಗಿ. ಉಸಿರು ತೆಗೆದುಕೊಂಡಳು. "ನಾನು ನೋಡ್ತೀನಿ."

ಒಂದು ಹೆಜ್ಜೆ ಹಿಂದೆ ಸರಿದು ಮೈಕ್ ಬಿಟ್ಟುಕೊಟ್ಟಳು.

"ನೋಡಿಯೇ ಮುಂದೆ ಹೋಗ್ತೀನಿ."

ಮಯೂರನ ದನಿ ನಡುವೆ ಒಡೆಯಿತು. ಎಲ್ಲೋ ಕೆರೆದು, ಜಾರಿ, ಮತ್ತೆ ನೆಲ ಸಿಕ್ಕಿದಂತೆ ನಿಂತಿತು. ಅವನು ಗಾಬರಿಯಾಗಿ ತಿರುಗಿ ನೋಡಿದ. "ಆಂಟಿ, ಇನ್ನೊಂದ್ ಸಲ ಮಾಡ್ಲಾ?"

"ಬೇಡ," ಎಂದಳು ವಾರಿಜಾ. "ಹಂಗೇ ಇರ್ಲಿ."